ಹಳೆಯ ಪಾಮ್‌ ಒಳಗಿನ ನಂಬರು, ಡೈರಿಯನ್ನು ಲಿನಕ್ಸ್ ಕಂಪ್ಯೂಟರಿಗೆ ತರುವುದು ಹೇಗೆ?

ಡೊಂಬಿವಲಿಯಿಂದ, ಮಾಟುಂಗದಿಂದ, ಮೊನ್ನೆ ಪುಣೆಯಿಂದಲೂ ಅದೇ ಪ್ರಶ್ನೆ ಬಂತು. "ಅಪ್ಪನ ಕಪಾಟಿನಲ್ಲಿ ಹಳೆಯ ಪಾಮ್ ಸಿಕ್ಕಿದೆ. ಆನ್ ಆಗುತ್ತದೆ. ಊರಿನವರ ನಂಬರು, ಸಂಘದವರ ವಿಳಾಸ, ಹಳೆಯ ಲೆಕ್ಕ ಎಲ್ಲ ಅದರಲ್ಲಿದೆ. ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದರೆ ಏನೂ ಆಗುವುದಿಲ್ಲ. ಏನು ಮಾಡಲಿ?" ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಅದಕ್ಕೇ ಪೂರ್ತಿ ಇಲ್ಲಿ ಬರೆದಿದ್ದೇನೆ.

ಒಂದು ಕೆಲಸ ಈಗಲೇ ಮಾಡಿ. ನಿಮ್ಮ ಪಾಮ್ ಚಾರ್ಜ್ ಆಗುವ ಬಗೆಯದಾದರೆ ಚಾರ್ಜರ್‌ಗೆ ಹಾಕಿ. ಆಮೇಲೆ ಮುಂದೆ ಓದಿ. ಯಾಕೆ ಅಂತ ಹಂತ 1ರಲ್ಲಿ ಹೇಳುತ್ತೇನೆ.

ಪಾಮ್ ನೋಡದವರಿಗೆ ಎರಡು ಮಾತು. ಸ್ಮಾರ್ಟ್‌ಫೋನ್ ಬರುವ ಮೊದಲು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ ಪುಟ್ಟ ಡೈರಿ ಯಂತ್ರ ಇದು. ಪೈಲಟ್ ಎಂಬ ಹೆಸರಿನ ಮೊದಲನೆಯದು 1996ರಲ್ಲಿ ಬಂತು. ವಿಳಾಸ, ಕ್ಯಾಲೆಂಡರ್, ಮಾಡಬೇಕಾದ ಕೆಲಸಗಳ ಪಟ್ಟಿ, ಟಿಪ್ಪಣಿ ಎಂಬ ನಾಲ್ಕು ಪುಸ್ತಕಗಳು ಇದರಲ್ಲಿರುತ್ತವೆ. ಕಂಪ್ಯೂಟರಿಗೆ ಜೋಡಿಸಿ ಒಂದು ಬಟನ್ ಒತ್ತಿದರೆ ಎರಡೂ ಕಡೆಯ ಮಾಹಿತಿ ಸರಿಹೊಂದುತ್ತದೆ. ಇದಕ್ಕೆ ಹಾಟ್‌ಸಿಂಕ್ ಅಂತ ಹೆಸರು.

ಹೊಸ ಕಂಪ್ಯೂಟರಿಗೆ ಇದು ಯಾಕೆ ಕಾಣುವುದಿಲ್ಲ? ವಿಂಡೋಸ್‌ಗಾಗಿ ಪಾಮ್ ಕೊಟ್ಟ ಯುಎಸ್‌ಬಿ ಡ್ರೈವರ್ 32 ಬಿಟ್‌ನದು. ಡ್ರೈವರ್ ಎಂದರೆ ಕಂಪ್ಯೂಟರಿಗೂ ಯಂತ್ರಕ್ಕೂ ನಡುವೆ ಮಾತು ದಾಟಿಸುವ ಚಿಕ್ಕ ಪ್ರೋಗ್ರಾಂ. ಈಗಿನ 64 ಬಿಟ್ ವಿಂಡೋಸ್ ಅದನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಮ್ಯಾಕ್‌ನದು ಬೇರೆ ಕಥೆ. ಅಲ್ಲಿನ ಪಾಮ್ ಡೆಸ್ಕ್‌ಟಾಪ್ ಎಂಬ ಪ್ರೋಗ್ರಾಂ ಹಳೆಯ ಪವರ್‌ಪಿಸಿ ಚಿಪ್‌ಗೆ ಬರೆದದ್ದು. ಅಂಥವನ್ನು ನಡೆಸುತ್ತಿದ್ದ ರೊಸೆಟ್ಟಾ ಎಂಬ ಸೌಲಭ್ಯವನ್ನು 2011ರ ಲಯನ್ ಆವೃತ್ತಿಯಲ್ಲಿ ತೆಗೆದುಬಿಟ್ಟರು. ಅಸೀಕಾ ಎಂಬ ಕಂಪನಿ ಮಾಡಿದ 64 ಬಿಟ್ ಡ್ರೈವರ್ ಹಾಕಿಕೊಂಡು ವಿಂಡೋಸ್‌ನಲ್ಲೇ ದಾರಿ ಮಾಡಿಕೊಂಡವರೂ ಇದ್ದಾರೆ. ಆದರೆ ನಾನು ಹೇಳುವುದು ಲಿನಕ್ಸ್ ದಾರಿ. ಲಿನಕ್ಸ್ ಎಂದರೆ ವಿಂಡೋಸ್‌ನಂತೆಯೇ ಕಂಪ್ಯೂಟರ್ ನಡೆಸುವ ಉಚಿತ ವ್ಯವಸ್ಥೆ. ದುಡ್ಡಿಲ್ಲ, ಹಳೆಯ ಸಿಡಿ ಹುಡುಕುವ ಕೆಲಸ ಇಲ್ಲ. ಸರಣಿ (ಸೀರಿಯಲ್) ಪೋರ್ಟಿನ ಅತಿ ಹಳೆಯ ಪಾಮ್ ಇದ್ದರೂ ನಡೆಯುತ್ತದೆ.

ಬೇಕಾದದ್ದು ಇಷ್ಟು: ಪಾಮ್, ಅದರ ಕೇಬಲ್ ಅಥವಾ ತೊಟ್ಟಿಲು (ಪಾಮ್ ಕೂರಿಸುವ ಸ್ಟ್ಯಾಂಡ್), ಲಿನಕ್ಸ್ ಇರುವ ಕಂಪ್ಯೂಟರ್, ಒಂದು ಖಾಲಿ ಪೆನ್ ಡ್ರೈವ್ (ಲಿನಕ್ಸ್ ಅನ್ನೂ ಪೆನ್ ಡ್ರೈವಿನಿಂದ ನಡೆಸುವುದಾದರೆ ಎರಡು), ಮತ್ತು ಅವಸರವಿಲ್ಲದ ಒಂದು ಭಾನುವಾರ.

ಹಂತ 1: ಬ್ಯಾಟರಿ

ಇದನ್ನು ಯಾರೂ ಹಗುರಾಗಿ ತೆಗೆದುಕೊಳ್ಳಬೇಡಿ. ಹಳೆಯ ಪಾಮ್‌ಗಳಲ್ಲಿ ನಿಮ್ಮ ನಂಬರು, ಟಿಪ್ಪಣಿ ಎಲ್ಲ ಇರುವುದು ಕರೆಂಟ್ ಇರುವಷ್ಟು ಹೊತ್ತು ಮಾತ್ರ ನೆನಪಿಟ್ಟುಕೊಳ್ಳುವ ಮೆಮೊರಿಯಲ್ಲಿ. ಬ್ಯಾಟರಿ ಪೂರ್ತಿ ಇಳಿದರೆ ಎಲ್ಲವೂ ಅಳಿಸಿಹೋಗುತ್ತದೆ. ಪಾಮ್ 3, ಪಾಮ್ 5, ಎಂ100, ಎಂ500 ಸಾಲಿನವು, ಟಂಗ್‌ಸ್ಟನ್ ಟಿ, ಟಂಗ್‌ಸ್ಟನ್ ಇ ಎಲ್ಲ ಈ ಜಾತಿಯವೇ. ಟಂಗ್‌ಸ್ಟನ್ ಟಿ5, ಇ2, ಟಿಎಕ್ಸ್‌ನಂಥ ಕೊನೆಕೊನೆಯ ಕೆಲವು ಯಂತ್ರಗಳಲ್ಲಿ ಮಾತ್ರ ಕರೆಂಟ್ ಹೋದರೂ ಮಾಹಿತಿ ಉಳಿಯುತ್ತದೆ.

ಪಾಮ್ 3, ಎಂ100ರಂಥವು ಎರಡು ಸಣ್ಣ ಟ್ರಿಪಲ್ ಎ ಸೆಲ್‌ಗಳಲ್ಲಿ ನಡೆಯುತ್ತವೆ. ಸೆಲ್ ಬದಲಿಸುವಾಗ ಹೊಸ ಸೆಲ್‌ಗಳನ್ನು ಮೊದಲೇ ಬಿಚ್ಚಿ ಪಕ್ಕದಲ್ಲಿ ಇಟ್ಟುಕೊಳ್ಳಿ. ಹಳೆಯದು ತೆಗೆದ ಮೇಲೆ ಒಂದು ನಿಮಿಷದೊಳಗೆ ಹೊಸದು ಒಳಗಿರಬೇಕು. ಅಷ್ಟು ಹೊತ್ತು ಮಾತ್ರ ಯಂತ್ರ ಉಸಿರು ಹಿಡಿದಿರುತ್ತದೆ. ಅದೂ ಇಷ್ಟು ವರ್ಷ ಹಳೆಯದಾದ ಮೇಲೆ ಪೂರ್ತಿ ನಿಮಿಷ ನಂಬಬೇಡಿ. ಹತ್ತು ಸೆಕೆಂಡಿನಲ್ಲಿ ಮುಗಿಸಿ.

ಟಂಗ್‌ಸ್ಟನ್ ಇ ಇದ್ದವರಿಗೆ ಒಂದು ಎಚ್ಚರಿಕೆ. ಅದರಲ್ಲಿ ಯುಎಸ್‌ಬಿ ತೂತು ಬೇರೆ, ಚಾರ್ಜರ್ ತೂತು ಬೇರೆ. ಯುಎಸ್‌ಬಿ ಕೇಬಲ್ ಹಾಕಿಟ್ಟು ಚಾರ್ಜ್ ಆಗುತ್ತಿದೆ ಅಂದುಕೊಂಡು ಕೂರಬೇಡಿ.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ಪಾಮ್ ಹಿಂಬದಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಯಂತ್ರ ಸಿಕ್ಕಿಹಾಕಿಕೊಂಡರೆ ಪೇಪರ್ ಕ್ಲಿಪ್‌ನಿಂದ ಅದನ್ನು ಒತ್ತಬಹುದು. ಅದು ಸಾಫ್ಟ್ ರೀಸೆಟ್, ಮಾಹಿತಿ ಹೋಗುವುದಿಲ್ಲ. ಆದರೆ ಪವರ್ ಬಟನ್ ಹಿಡಿದುಕೊಂಡು ಆ ತೂತು ಒತ್ತಿದರೆ ಹಾರ್ಡ್ ರೀಸೆಟ್. ಎಲ್ಲ ಅಳಿಸಲೇ ಅಂತ ಪರದೆಯ ಮೇಲೆ ಕೇಳುತ್ತದೆ. ಮೇಲಿನ ಬಟನ್ ಒತ್ತಿದರೆ ಮುಗಿಯಿತು, ತಿರುಗಿ ಬರುವುದಿಲ್ಲ. ರಿಪೇರಿ ಅಂಗಡಿಗೆ ಕೊಡುವುದಾದರೆ "ರೀಸೆಟ್ ಮಾಡಬೇಡಿ" ಅಂತ ಒಂದು ಚೀಟಿ ಅಂಟಿಸಿಯೇ ಕೊಡಿ.

ಹಂತ 2: ಸರಿಯಾದ ಕೇಬಲ್

ನಿಮ್ಮ ಪಾಮ್‌ನ ಕೆಳಗಿನ ಅಥವಾ ಮೇಲಿನ ಅಂಚು ನೋಡಿ.

ಟಂಗ್‌ಸ್ಟನ್ ಇ, ಝೈರ್ 21, 31, 72 ಇದ್ದರೆ ನೀವು ಅದೃಷ್ಟವಂತರು. ಅವುಗಳಲ್ಲಿರುವುದು ಮಾಮೂಲಿ ಮಿನಿ ಯುಎಸ್‌ಬಿ. ಹಳೆಯ ಡಿಜಿಟಲ್ ಕ್ಯಾಮೆರಾ, ಹೊರಗಿನ ಹಾರ್ಡ್ ಡಿಸ್ಕ್‌ಗಳ ಜತೆ ಬರುತ್ತಿದ್ದ ಕೇಬಲ್ ಸಾಕು. ಮನೆಯ ಡ್ರಾಯರ್‌ನಲ್ಲೇ ಸಿಗಬಹುದು. ಬರೀ ಚಾರ್ಜ್ ಮಾಡುವ ಕೇಬಲ್ ಮಾತ್ರ ಆಗುವುದಿಲ್ಲ, ಅದರಲ್ಲಿ ಮಾಹಿತಿ ಹೋಗುವ ತಂತಿಯೇ ಇರುವುದಿಲ್ಲ. ಎಂ500, ಟಂಗ್‌ಸ್ಟನ್ ಟಿ, ಟಿ3, ಝೈರ್ 71ಕ್ಕೆ ಅಗಲವಾದ ಯೂನಿವರ್ಸಲ್ ಕನೆಕ್ಟರ್ ಬೇಕು. ಟಂಗ್‌ಸ್ಟನ್ ಇ2, ಟಿ5, ಟಿಎಕ್ಸ್‌ನದು ಮತ್ತೊಂದು ಬಗೆ. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ, ಒತ್ತಾಯ ಮಾಡಬೇಡಿ.

ಪಾಮ್ 3, ಪಾಮ್ 5ರ ತೊಟ್ಟಿಲಿನ ತುದಿಯಲ್ಲಿ ಒಂಬತ್ತು ಪಿನ್ನಿನ ಸರಣಿ ಪೋರ್ಟ್ ಇರುತ್ತದೆ. ಅದಕ್ಕೆ ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಕನ್ವರ್ಟರ್ ತೆಗೆದುಕೊಳ್ಳಿ.

ಎಲ್ಲಿ ಸಿಗುತ್ತದೆ? ಮುಂಬೈಯವರು ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ನಡೆದುಕೊಂಡು ಹೋಗಿ. ಬೋರ್ಡುಗಳ ಮೇಲೆ ಡಾ. ಭಡ್ಕಮ್‌ಕರ್ ಮಾರ್ಗ ಅಂತಲೂ ಇರುತ್ತದೆ. ಮಿನಿ ಯುಎಸ್‌ಬಿ ಕೇಬಲ್, ಸೀರಿಯಲ್ ಕನ್ವರ್ಟರ್ ಕೇಳುವ ಜಾಗ ಅದು. ಪಾಮ್‌ನದೇ ತೊಟ್ಟಿಲು ಬೇಕಾದರೆ ಚೋರ್ ಬಜಾರಿನ ಹಳೆಯ ಸಾಮಾನಿನ ರಾಶಿಯಲ್ಲಿ ಹುಡುಕಬೇಕು. ಪುಣೆಯವರಿಗೆ ಬುಧವಾರ ಪೇಠೆಯ ತಾಪ್ಕೀರ್ ಗಲ್ಲಿ ಇದೆ. ಎಲ್ಲಿ ಹೋದರೂ ಪಾಮ್ ಕೈಯಲ್ಲಿ ಹಿಡಿದೇ ಹೋಗಿ. ಸಿಕ್ಕಿಸಿ ನೋಡದೆ ಕೊಳ್ಳಬೇಡಿ.

ನಮ್ಮ ಮುಂಬೈ ಹವೆಯಲ್ಲಿ ಪಾಮ್‌ನ ಲೋಹದ ಪಿನ್‌ಗಳಿಗೆ ಹಸಿರು ಹಿಡಿದಿರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಕಿವಿ ಕಡ್ಡಿಯಿಂದ ಮೆಲ್ಲಗೆ ಒರೆಸಿ, ಚೆನ್ನಾಗಿ ಒಣಗಲು ಬಿಡಿ. "ಕೇಬಲ್ ಹಾಳಾಗಿದೆ" ಅಂದವರಲ್ಲಿ ಎಷ್ಟೋ ಜನರ ಸಮಸ್ಯೆ ಇಷ್ಟಕ್ಕೇ ಸರಿಹೋಗಿದೆ.

ಹಂತ 3: ಲಿನಕ್ಸ್ ಮತ್ತು ಜೆ-ಪೈಲಟ್

ಲಿನಕ್ಸ್‌ಗಾಗಿ ನಿಮ್ಮ ವಿಂಡೋಸ್ ಅಳಿಸಬೇಕಾಗಿಲ್ಲ. ಉಬುಂಟು ಅಥವಾ ಲಿನಕ್ಸ್ ಮಿಂಟ್ ಎಂಬ ಲಿನಕ್ಸ್ ಬಗೆಯೊಂದನ್ನು ಪೆನ್ ಡ್ರೈವಿಗೆ ಹಾಕಿ, ಅದರಿಂದಲೇ ಕಂಪ್ಯೂಟರ್ ಶುರು ಮಾಡಬಹುದು. ಆದರೆ ಹೀಗೆ ನಡೆಸಿದಾಗ ಕಂಪ್ಯೂಟರ್ ಆಫ್ ಮಾಡಿದ ಕೂಡಲೇ ಅದರಲ್ಲಿ ಉಳಿಸಿದ್ದೆಲ್ಲ ಹೋಗುತ್ತದೆ. ಪಾಮ್‌ನಿಂದ ತೆಗೆದ ಮಾಹಿತಿಯನ್ನು ಇನ್ನೊಂದು ಪೆನ್ ಡ್ರೈವಿಗೆ ನಕಲು ಮಾಡಿಕೊಂಡೇ ಆಫ್ ಮಾಡಿ. ಹಳೆಯ ಲ್ಯಾಪ್‌ಟಾಪ್ ಒಂದು ಸುಮ್ನೆ ಬಿದ್ದಿದ್ದರೆ ಅದಕ್ಕೇ ಲಿನಕ್ಸ್ ಹಾಕಿಬಿಡುವುದು ಇನ್ನೂ ಒಳ್ಳೆಯದು.

ಆಮೇಲೆ ಎರಡು ಪ್ರೋಗ್ರಾಂ ಬೇಕು. ಪಾಮ್ ಜತೆ ಮಾತಾಡುವುದು ಪೈಲಟ್-ಲಿಂಕ್. ಅದರ ಮೇಲೆ ಕೂತು ನಮಗೆ ಕಿಟಕಿ, ಬಟನ್ ತೋರಿಸುವುದು ಜೆ-ಪೈಲಟ್. ಮೊದಲು ನಿಮ್ಮ ಲಿನಕ್ಸ್‌ನ ಸಾಫ್ಟ್‌ವೇರ್ ಪಟ್ಟಿಯಲ್ಲಿ ಹುಡುಕಿ. ಅಲ್ಲಿ ಇಲ್ಲದಿದ್ದರೆ ಜೆ-ಪೈಲಟ್‌ನ ಸ್ವಂತ ತಾಣದಿಂದ ಇಳಿಸಿಕೊಳ್ಳಿ. ಎರಡೂ ಉಚಿತ.

ಜೆ-ಪೈಲಟ್ ತೆರೆದು ಫೈಲ್ ಮೆನುವಿನಲ್ಲಿ ಪ್ರಿಫರೆನ್ಸಸ್‌ಗೆ ಹೋಗಿ. ಸೆಟ್ಟಿಂಗ್ಸ್ ಎಂಬ ಹಾಳೆಯಲ್ಲಿ ಪೋರ್ಟ್ ಯಾವುದು ಅಂತ ಕೇಳುತ್ತದೆ. ಯುಎಸ್‌ಬಿ ಪಾಮ್ ಇದ್ದವರು ಪಟ್ಟಿಯಲ್ಲಿ ಯುಎಸ್‌ಬಿ ಎಂದಿರುವುದನ್ನೇ ಆರಿಸಿ. ಅದರ ಕೊನೆಗೆ ಎರಡು ಚುಕ್ಕೆಯ ಕೋಲನ್ ಇರುತ್ತದೆ. ಕೈಯಲ್ಲಿ ಟೈಪ್ ಮಾಡಿದರೆ ಅದನ್ನು ಬಿಡಬೇಡಿ, ಬಿಟ್ಟರೆ ಕೆಲಸ ಮಾಡುವುದಿಲ್ಲ. ಸೀರಿಯಲ್ ಕನ್ವರ್ಟರ್ ಇದ್ದವರು ಟಿಟಿವೈಯುಎಸ್‌ಬಿ0 ಎಂದು ಕೊನೆಯಾಗುವುದನ್ನು ಆರಿಸಿ, ವೇಗ 9600 ಇಡಿ. ನಿಧಾನವಾದರೂ ನಡೆಯುತ್ತದೆ. ಒಮ್ಮೆ ಸರಿಯಾದ ಮೇಲೆ ವೇಗ ಹೆಚ್ಚಿಸಬಹುದು.

ಹಂತ 4: ಹೆಚ್ಚಿನವರು ಸಿಕ್ಕಿಬೀಳುವ ಜಾಗ

ಈಗ ಕೇಬಲ್ ಹಾಕಿದಿರಿ. ಕಂಪ್ಯೂಟರಿನಲ್ಲಿ ಏನೂ ಕಾಣುವುದಿಲ್ಲ. ಗಾಬರಿ ಬೇಡ. ಪಾಮ್ ಪೆನ್ ಡ್ರೈವ್ ಹಾಗಲ್ಲ. ಹಾಟ್‌ಸಿಂಕ್ ಒತ್ತಿದಾಗ ಮಾತ್ರ ಅದು ಯುಎಸ್‌ಬಿಯಲ್ಲಿ ಮುಖ ತೋರಿಸುತ್ತದೆ. ಕಂಪ್ಯೂಟರ್ ಉತ್ತರ ಕೊಡದಿದ್ದರೆ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಮಾಯ. ತೊಟ್ಟಿಲಲ್ಲಿ ಬಟನ್ ಇದ್ದರೆ ಅದನ್ನು ಒತ್ತಿ. ಬಟನ್ ಇಲ್ಲದ ಕೇಬಲ್ ಆದರೆ ಪಾಮ್ ಪರದೆಯ ಮೇಲೆ ಹಾಟ್‌ಸಿಂಕ್ ಚಿತ್ರ ಮುಟ್ಟಿ, ಲೋಕಲ್ ಆರಿಸಿ, ನಡುವಿನ ಗುರುತು ಮುಟ್ಟಿ.

ಪರದೆ ಮುಟ್ಟಿದ್ದು ಒಂದು ಕಡೆ, ಆಗುವುದು ಇನ್ನೊಂದು ಕಡೆಯಾದರೆ ಮೊದಲು ಪಾಮ್‌ನ ಪ್ರಿಫ್ಸ್‌ನಲ್ಲಿ ಡಿಜಿಟೈಝರ್‌ಗೆ ಹೋಗಿ ಗುರಿ ಸರಿಮಾಡಿಕೊಳ್ಳಿ.

ಲಿನಕ್ಸ್ ಯಂತ್ರವನ್ನು ನೋಡುತ್ತಿದೆಯೇ ಅಂತ ತಿಳಿಯಲು ಟರ್ಮಿನಲ್ ತೆರೆಯಿರಿ. ಟರ್ಮಿನಲ್ ಎಂದರೆ ಬರೆದು ಆದೇಶ ಕೊಡುವ ಕಪ್ಪು ಕಿಟಕಿ. ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಎಲ್-ಎಸ್-ಯು-ಎಸ್-ಬಿ ಎಂದು ಜಾಗ ಬಿಡದೆ ಬರೆದಿಟ್ಟುಕೊಳ್ಳಿ. ಪಾಮ್‌ನಲ್ಲಿ ಹಾಟ್‌ಸಿಂಕ್ ಒತ್ತಿ, ಎರಡು ಸೆಕೆಂಡ್ ಬಿಟ್ಟು ಎಂಟರ್ ಒತ್ತಿ. ಬರುವ ಪಟ್ಟಿಯಲ್ಲಿ 0830 ಎಂಬ ಸಂಖ್ಯೆ ಇರುವ ಸಾಲು ಕಂಡರೆ ಅದೇ ನಿಮ್ಮ ಪಾಮ್. ಪಾಮ್‌ನಂಥದೇ ಯಂತ್ರ ಮಾಡುತ್ತಿದ್ದ ಹ್ಯಾಂಡ್‌ಸ್ಪ್ರಿಂಗ್ ಕಂಪನಿಯದ್ದಾದರೆ 082ಡಿ ಎಂದಿರುತ್ತದೆ. ಸಾಲು ಬರಲೇ ಇಲ್ಲವೆಂದರೆ ತೊಂದರೆ ಕೇಬಲ್ ಅಥವಾ ಪಿನ್‌ಗಳದ್ದು. ಹಂತ 2ಕ್ಕೆ ಹಿಂತಿರುಗಿ.

ಸಾಲು ಬಂದರೂ ಜೆ-ಪೈಲಟ್ ಸುಮ್ಮನೆ ಕೂತಿದೆಯೇ? ಹಾಗಾದರೆ ಕಾರಣ ಇದು. ಲಿನಕ್ಸ್ ಒಳಗೇ ವೈಸರ್ ಎಂಬ ಹಳೆಯ ಡ್ರೈವರ್ ಇದೆ. ಪಾಮ್ ಮುಖ ತೋರಿಸಿದ ಕೂಡಲೇ ಅದು ಓಡಿ ಬಂದು ಹಿಡಿದುಕೊಳ್ಳುತ್ತದೆ. ನಮ್ಮ ಪೈಲಟ್-ಲಿಂಕ್ ಬರುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. ಇಬ್ಬರಲ್ಲಿ ಒಬ್ಬರನ್ನು ಕಳಿಸಬೇಕು. ಇಟಿಸಿ ಫೋಲ್ಡರಿನೊಳಗೆ ಮಾಡ್‌ಪ್ರೋಬ್ ಡಾಟ್ ಡಿ ಎಂಬ ಫೋಲ್ಡರ್ ಇದೆ. ಅಲ್ಲಿ ಹೊಸ ಫೈಲ್ ಮಾಡಿ, ಹೆಸರಿನ ಕೊನೆಗೆ ಡಾಟ್ ಕಾನ್ಫ್ (ಚುಕ್ಕೆ, ಆಮೇಲೆ ಸಿ-ಓ-ಎನ್-ಎಫ್) ಇರಲಿ. ಒಳಗೆ ಒಂದೇ ಸಾಲು: ಬ್ಲ್ಯಾಕ್‌ಲಿಸ್ಟ್, ಒಂದು ಜಾಗ, ವೈಸರ್. ಎಲ್ಲ ಇಂಗ್ಲಿಷಿನ ಸಣ್ಣ ಅಕ್ಷರ, ವೈಸರ್ ಬರೆಯುವಾಗ ವಿ-ಐ-ಎಸ್-ಓ-ಆರ್. ಈ ಫೋಲ್ಡರಿಗೆ ಬರೆಯಲು ಅಡ್ಮಿನ್ ಪಾಸ್‌ವರ್ಡ್ ಬೇಕು. ಆಮೇಲೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಪೆನ್ ಡ್ರೈವಿನಿಂದ ಲಿನಕ್ಸ್ ನಡೆಸುವವರಿಗೆ ರೀಸ್ಟಾರ್ಟ್ ಮಾಡಿದರೆ ಇದೂ ಅಳಿಸುತ್ತದೆ. ಅವರು ಟರ್ಮಿನಲ್‌ನಲ್ಲಿ ಸುಡೋ (ಎಸ್-ಯು-ಡಿ-ಓ), ಆರ್‌ಎಂಮಾಡ್ (ಆರ್-ಎಂ-ಎಂ-ಓ-ಡಿ), ವೈಸರ್ ಎಂಬ ಮೂರು ಪದಗಳ ಆದೇಶ ಕೊಟ್ಟು ಆ ಹೊತ್ತಿಗೆ ಡ್ರೈವರ್ ತೆಗೆಯಬಹುದು. ಪಾಮ್ ಮತ್ತೆ ಮುಖ ತೋರಿಸಿದಾಗ ಅದು ಮತ್ತೆ ಬರಬಹುದು ಅನ್ನುವುದು ನೆನಪಿರಲಿ. ಅದಕ್ಕೇ ಬ್ಲ್ಯಾಕ್‌ಲಿಸ್ಟ್ ಫೈಲನ್ನು ಮೊದಲು ಮಾಡಿ, ಆಮೇಲೆ ಈ ಆದೇಶ ಕೊಡಿ.

"ಅನುಮತಿ ಇಲ್ಲ" ಎಂಬ ಅರ್ಥದ ಸಂದೇಶ ಬಂದರೆ ನಿಮ್ಮ ಬಳಕೆದಾರ ಹೆಸರನ್ನು ಡಯಲ್‌ಔಟ್ ಎಂಬ ಗುಂಪಿಗೆ ಸೇರಿಸಿ, ಒಮ್ಮೆ ಲಾಗ್‌ಔಟ್ ಆಗಿ ಬನ್ನಿ. ಇದರ ಬದಲು ಜೆ-ಪೈಲಟ್ ಅನ್ನೇ ಅಡ್ಮಿನ್ ಆಗಿ ನಡೆಸುವವರಿದ್ದಾರೆ. ಬೇಡ. ಆಗ ಮಾಹಿತಿಯೆಲ್ಲ ಅಡ್ಮಿನ್‌ನ ಫೋಲ್ಡರಿಗೆ ಹೋಗಿ ಕೂರುತ್ತದೆ. ನಾಳೆ ಮಾಮೂಲಿಯಾಗಿ ತೆರೆದರೆ ಖಾಲಿ ಕಾಣುತ್ತದೆ.

ಹಂತ 5: ಮೊದಲು ಬ್ಯಾಕಪ್, ಆಮೇಲೆ ಉಳಿದದ್ದು

ಜೆ-ಪೈಲಟ್‌ನ ಎಡಬದಿಯಲ್ಲಿ ಸಿಂಕ್ ಮತ್ತು ಬ್ಯಾಕಪ್ ಎಂಬ ಎರಡು ಬಟನ್ ಇವೆ. ಸಿಂಕ್ ನಾಲ್ಕು ಪುಸ್ತಕಗಳನ್ನು ಹೊಂದಿಸುತ್ತದೆ. ಬ್ಯಾಕಪ್ ಅದರ ಜತೆಗೆ ಪಾಮ್‌ನಲ್ಲಿರುವ ಬೇರೆ ಪ್ರೋಗ್ರಾಂ, ಅವುಗಳ ಮಾಹಿತಿ ಎಲ್ಲವನ್ನೂ ನಕಲು ಮಾಡುತ್ತದೆ. ಯಾರೋ ಹಾಕಿಕೊಂಡಿದ್ದ ಖರ್ಚಿನ ಲೆಕ್ಕದ ಪ್ರೋಗ್ರಾಂ ಸಿಂಕ್‌ನಲ್ಲಿ ಬರುವುದಿಲ್ಲ, ಬ್ಯಾಕಪ್‌ನಲ್ಲಿ ಬರುತ್ತದೆ. ಹಾಗಾಗಿ ಮೊದಲ ಸಲ ಬ್ಯಾಕಪ್ ಒತ್ತಿ. ಪಾಮ್‌ನಲ್ಲೂ ಹಾಟ್‌ಸಿಂಕ್ ಒತ್ತಿ. ಪರದೆಯಲ್ಲಿ ಸಾಲುಗಳು ಓಡತೊಡಗಿದರೆ ಕೈ ತೆಗೆದು ಸುಮ್ಮನೆ ಕೂತುಬಿಡಿ. ಸೀರಿಯಲ್ ಕೇಬಲ್ ಆದರೆ ಒಂದು ಚಹಾ ಕುಡಿದು ಬನ್ನಿ.

ಫೈಲ್ ಮೆನುವಿನಲ್ಲಿ ರಿಸ್ಟೋರ್ ಎಂಬುದು ಕಂಡರೆ ಈಗ ಮುಟ್ಟಬೇಡಿ. ಅದು ಕಂಪ್ಯೂಟರಿನಿಂದ ಪಾಮ್‌ಗೆ ಕಳಿಸುವ ದಾರಿ, ನಮಗೆ ಬೇಕಾದದ್ದು ಆಚೆ ದಿಕ್ಕು.

ಬ್ಯಾಕಪ್ ಮುಗಿದ ಮೇಲೆ ಹೋಮ್ ಫೋಲ್ಡರ್ ತೆರೆದು ಕಂಟ್ರೋಲ್ ಮತ್ತು ಎಚ್ ಒಟ್ಟಿಗೆ ಒತ್ತಿ. ಅಡಗಿದ್ದ ಫೋಲ್ಡರುಗಳು ಕಾಣುತ್ತವೆ. ಚುಕ್ಕೆಯಿಂದ ಶುರುವಾಗುವ ಜೆಪೈಲಟ್ ಫೋಲ್ಡರನ್ನು ಪೂರ್ತಿಯಾಗಿ ಪೆನ್ ಡ್ರೈವಿಗೆ ನಕಲು ಮಾಡಿ. ಇಷ್ಟಾದರೆ ಇನ್ನು ಪಾಮ್ ಕೆಟ್ಟುಹೋದರೂ ಅಪ್ಪನ ನಂಬರುಗಳು ನಿಮ್ಮಲ್ಲಿವೆ.

ಹಂತ 6: "ಎಲ್ಲ ಖಾಲಿ ಕಾಣ್ತಿದೆ!"

ಬ್ಯಾಕಪ್ ಸರಿಯಾಗಿ ಆಯಿತು, ಆದರೆ ಜೆ-ಪೈಲಟ್‌ನಲ್ಲಿ ವಿಳಾಸ ಒಂದೂ ಇಲ್ಲ. ಈ ದೂರು ಹೆಚ್ಚಾಗಿ ಬರುವುದು ಟಂಗ್‌ಸ್ಟನ್ ಇ, ಟಿ3, ಟಿಎಕ್ಸ್ ಇದ್ದವರಿಂದ.

ಪಾಮ್ ಕಂಪನಿ 2003ರ ಸುಮಾರಿಗೆ ನಾಲ್ಕೂ ಪುಸ್ತಕಗಳನ್ನು ಹೊಸದಾಗಿ ಮಾಡಿ ಬೇರೆ ಕಡೆ ಇಡತೊಡಗಿತು. ಹಳೆಯ ಜಾಗವೂ ಹಾಗೇ ಉಳಿಯಿತು. ಜೆ-ಪೈಲಟ್ ಹಳೆಯ ಜಾಗದಲ್ಲಿ ಹುಡುಕಿದರೆ ಖಾಲಿ ಸಿಗುತ್ತದೆ. ನಿಮ್ಮದು ಯಾವುದು ಅಂತ ಪಾಮ್ ಪರದೆಯೇ ಹೇಳುತ್ತದೆ. ಚಿತ್ರಗಳ ಕೆಳಗೆ ಅಡ್ರೆಸ್, ಡೇಟ್ ಬುಕ್ ಅಂತಿದ್ದರೆ ಹಳೆಯದು. ಕಾಂಟ್ಯಾಕ್ಟ್ಸ್, ಕ್ಯಾಲೆಂಡರ್ ಅಂತಿದ್ದರೆ ಹೊಸದು. ಹೊಸದಾದರೆ ಜೆ-ಪೈಲಟ್‌ನ ಪ್ರಿಫರೆನ್ಸಸ್‌ನಲ್ಲಿ ಪ್ರತಿ ಪುಸ್ತಕದ ಹಾಳೆಗೂ ಹೋಗಿ, ಪಾಮ್ ಓಎಸ್ 5.2ಕ್ಕಿಂತ ಮುಂದಿನದು ಎಂಬ ಆಯ್ಕೆ ಹಾಕಿ. ಜೆ-ಪೈಲಟ್ ಮುಚ್ಚಿ ತೆರೆಯಿರಿ, ಮತ್ತೊಮ್ಮೆ ಸಿಂಕ್ ಮಾಡಿ. ಹೆಸರುಗಳು ಸಾಲಾಗಿ ಬಂದು ನಿಲ್ಲುತ್ತವೆ.

ಹೆಸರಿನ ನಡುವೆ ವಿಚಿತ್ರ ಗುರುತು ಬಂದರೆ ಲೊಕೇಲ್ ಹಾಳೆಯಲ್ಲಿ ಅಕ್ಷರ ಸೆಟ್ ಬದಲಿಸಿ ನೋಡಿ. ಪಾಮ್‌ನಲ್ಲಿ ಕನ್ನಡ ಲಿಪಿ ಇರಲಿಲ್ಲ. ನಮ್ಮವರು ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ, ತುಳು ಬರೆದಿಟ್ಟಿರುತ್ತಾರೆ. ಅದು ಹಾಗೇ ಬರುತ್ತದೆ.

ಹಂತ 7: ಫೋನಿಗೆ ದಾಟಿಸುವುದು

ಫೈಲ್ ಮೆನುವಿನಲ್ಲಿ ಎಕ್ಸ್‌ಪೋರ್ಟ್ ಇದೆ. ವಿಳಾಸಗಳನ್ನು ವಿಕಾರ್ಡ್ ರೂಪದಲ್ಲಿ ತೆಗೆಯಿರಿ. ವಿಕಾರ್ಡ್ ಎಂದರೆ ಎಲ್ಲ ಫೋನುಗಳಿಗೂ ಅರ್ಥವಾಗುವ ವಿಸಿಟಿಂಗ್ ಕಾರ್ಡ್ ಇದ್ದಹಾಗೆ. ಆ ಫೈಲನ್ನು ಗೂಗಲ್ ಕಾಂಟ್ಯಾಕ್ಟ್ಸ್‌ಗೆ ಇಂಪೋರ್ಟ್ ಮಾಡಿದರೆ ಫೋನಿಗೆ ಬರುತ್ತದೆ. ಕ್ಯಾಲೆಂಡರ್‌ಗೆ ಐಕ್ಯಾಲೆಂಡರ್, ಟಿಪ್ಪಣಿಗೆ ಮಾಮೂಲಿ ಟೆಕ್ಸ್ಟ್ ಸಾಕು.

ಆದರೆ ನೇರವಾಗಿ ನಿಮ್ಮ ಸ್ವಂತ ಗೂಗಲ್ ಖಾತೆಗೆ ಸುರಿಯಬೇಡಿ. ಮೊದಲು ಒಮ್ಮೆ ಕಣ್ಣಾಡಿಸಿ. ಹಳೆಯ ನಂಬರುಗಳಿಗೆ ಈಗ ಸ್ವಲ್ಪ ರಿಪೇರಿ ಬೇಕು. ಮುಂಬೈಯ ಲ್ಯಾಂಡ್‌ಲೈನ್‌ಗಳು ಮೊದಲು ಏಳು ಅಂಕಿಯವು, ಆಮೇಲೆ ಮುಂದೆ 2 ಸೇರಿ ಎಂಟಾದವು. ಪಾಮ್‌ನಲ್ಲಿ ಏಳೇ ಅಂಕಿ ಇರಬಹುದು. ಎಲ್ಲದಕ್ಕೂ ಕಣ್ಣು ಮುಚ್ಚಿ 022 ಸೇರಿಸಲೂ ಬೇಡಿ. ಡೊಂಬಿವಲಿ, ಕಲ್ಯಾಣದ್ದು 0251, ಪುಣೆಯದ್ದು 020, ಉಡುಪಿ 0820, ಮಂಗಳೂರು 0824. ಬರೆದಿಟ್ಟವರು ಮನಸ್ಸಿನಲ್ಲೇ ಕೋಡ್ ಇಟ್ಟುಕೊಂಡಿರುತ್ತಾರೆ, ಅಲ್ವಾ? ವಿಳಾಸ ನೋಡಿ ತೀರ್ಮಾನಿಸಿ. ಪೇಜರ್ ಅಂತ ಬರೆದ ನಂಬರುಗಳನ್ನು ಬಿಟ್ಟುಬಿಡಬಹುದು.

ಹೆಸರು ಜಾಸ್ತಿ ಇದ್ದರೆ ಸಿಎಸ್‌ವಿ ರೂಪದಲ್ಲಿ ತೆಗೆದು ಲಿಬ್ರೆಆಫೀಸ್ ಹಾಳೆಯಲ್ಲಿ ತಿದ್ದುವುದು ಸುಲಭ. ಸಿಎಸ್‌ವಿ ಎಂದರೆ ಕಾಲಂಗಳ ನಡುವೆ ಅಲ್ಪವಿರಾಮ ಇರುವ ಪಟ್ಟಿ. ಇಲ್ಲೊಂದು ಗುಂಡಿ ಇದೆ. ಹಾಳೆಯಲ್ಲಿ ತೆರೆದಾಗ ನಂಬರಿನ ಮೊದಲ ಸೊನ್ನೆ ಹಾರಿಹೋಗುತ್ತದೆ. 0820 ಬರೀ 820 ಆಗುತ್ತದೆ. ತೆರೆಯುವ ಮೊದಲು ಬರುವ ಕಿಟಕಿಯಲ್ಲಿ ನಂಬರಿನ ಕಾಲಂಗಳನ್ನೆಲ್ಲ ಆಯ್ದು ಟೆಕ್ಸ್ಟ್ ಎಂದು ಗುರುತು ಮಾಡಿ.

ಇನ್ನೊಂದು ಸೂಕ್ಷ್ಮ ವಿಷಯ. ಪಾಮ್‌ನಲ್ಲಿ ಪ್ರೈವೇಟ್ ಎಂದು ಗುರುತಿಸಿದ ಟಿಪ್ಪಣಿಗಳಿರುತ್ತವೆ. ಬ್ಯಾಂಕ್ ಪಿನ್, ಪಾಸ್‌ವರ್ಡ್, ಮನೆಯ ಮಾತು. ಪಾಮ್ ಅವನ್ನು ಪರದೆಯಿಂದ ಮರೆಮಾಡುತ್ತದೆ ಅಷ್ಟೇ, ಬೀಗ ಹಾಕಿರುವುದಿಲ್ಲ. ಬ್ಯಾಕಪ್ ಫೈಲಿನಲ್ಲಿ ಅವು ಓದುವಂತೆಯೇ ಇರುತ್ತವೆ. ಪೆನ್ ಡ್ರೈವ್ ಯಾರ ಕೈಗೂ ಸುಮ್ನೆ ಕೊಡಬೇಡಿ. ಯಂತ್ರ ಇನ್ನೊಬ್ಬರದ್ದಾಗಿದ್ದರೆ, ಅವರು ಇದ್ದರೆ ಅವರನ್ನು ಕೇಳಿಯೇ ತೆರೆಯಿರಿ.

ಹಂತ 8: ಪಾಮ್ ಅನ್ನು ಇನ್ನೂ ಬಳಸುವವರಿಗೆ

ಕೆಲವರಿಗೆ ಅದೇ ಯಂತ್ರ ಇಷ್ಟ. ನನಗೆ ಅದು ಚೆನ್ನಾಗಿ ಅರ್ಥವಾಗುತ್ತದೆ. ಆನ್ ಮಾಡಿದ ಕೂಡಲೇ ತೆರೆದುಕೊಳ್ಳುವ, ನಡುವೆ ಯಾವ ಸದ್ದೂ ಮಾಡದ ಡೈರಿ ಈಗ ಸಿಗುವುದು ಕಷ್ಟ. ಬಳಸಿ, ಆದರೆ ವಾರಕ್ಕೊಮ್ಮೆ ಸಿಂಕ್ ಮಾಡಿ.

ಬ್ಯಾಟರಿ ಇಳಿದು ಎಲ್ಲ ಅಳಿಸಿದರೆ ಪಾಮ್ ತನ್ನ ಯಜಮಾನನ ಹೆಸರನ್ನೂ ಮರೆತಿರುತ್ತದೆ. ಆ ಖಾಲಿ ಯಂತ್ರಕ್ಕೆ ಸಿಂಕ್ ಒತ್ತಬೇಡಿ. ಈಗ ಬೇಕಾದದ್ದು ಆಗ ಮುಟ್ಟಬೇಡಿ ಎಂದಿದ್ದ ರಿಸ್ಟೋರ್. ಅದನ್ನು ಆರಿಸಿ, ಹಳೆಯ ಹೆಸರೇ ಇದೆಯೇ ನೋಡಿ, ಮುಂದುವರಿಸಿ. ಹೆಸರು, ನಂಬರು, ಪ್ರೋಗ್ರಾಂ ಎಲ್ಲ ಮರಳಿ ಬರುತ್ತವೆ.

ವರ್ಷಗಟ್ಟಲೆ ಮುಂದಿನ ದಿನ ಗುರುತು ಹಾಕುವವರು ತಿಳಿದಿರಲಿ, ಪಾಮ್‌ನ ಕ್ಯಾಲೆಂಡರ್ 2031ರ ಡಿಸೆಂಬರ್ 31ಕ್ಕೆ ನಿಲ್ಲುತ್ತದೆ. ಅದಕ್ಕಿಂತ ಮುಂದಿನ ಎಲ್‌ಐಸಿ ಪಾಲಿಸಿಯ ದಿನಾಂಕವನ್ನು ಬೇರೆ ಕಡೆ ಬರೆದಿಡಿ.

ಬಳಸದೆ ಎತ್ತಿಡುವವರು ಟ್ರಿಪಲ್ ಎ ಸೆಲ್‌ಗಳನ್ನು ಹೊರಗೆ ತೆಗೆದೇ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಮಳೆಯಲ್ಲಿ ಸೆಲ್ ಸೋರಿ ಸ್ಪ್ರಿಂಗ್ ತಿಂದುಹಾಕುತ್ತದೆ. ಗಾಳಿಯಾಡದ ಡಬ್ಬಿ, ಒಳಗೊಂದು ಸಿಲಿಕಾ ಜೆಲ್ ಪುಡಿಕೆ. ಕೇಬಲನ್ನೂ ಅದೇ ಡಬ್ಬಿಯಲ್ಲಿ ಇಡಿ.